ಎನಾಮಲ್ ತಾಮ್ರತಂತಿಯೂ ಮನೆಯ ಧ್ವನಿಯಂತ್ರಗಳೂ



ನಮ್ಮ ಮನೆಗಳಲ್ಲಿ ಹಾಡುವ ಮತ್ತು ಮಾತನಾಡುವ ಯಂತ್ರಗಳು ಹಲವು ಬಗೆಯವು. ಹೊರಗಿನ ಪೆಟ್ಟಿಗೆ, ಬೆಲೆ, ಹೆಸರು ಇವುಗಳಲ್ಲಿ ಎಷ್ಟೇ ಭೇದವಿದ್ದರೂ ಬಹುಮಟ್ಟಿಗೆ ಎಲ್ಲವುಗಳ ಹೊಟ್ಟೆಯಲ್ಲಿಯೂ ಒಂದು ಪದಾರ್ಥವು ಸಮಾನವಾಗಿದೆ. ಅದು ಕೂದಲಿನಂತೆ ಸೂಕ್ಷ್ಮವಾಗಿಯೋ ಹುಲ್ಲುಕಡ್ಡಿಯಂತೆ ದಪ್ಪವಾಗಿಯೋ ಇರುವ, ಕೆಂಗಂದು ಬಣ್ಣದಿಂದ ಹೊಳೆಯುವ ತಾಮ್ರದ ತಂತಿ. ನೋಡುವವರಿಗೆ ಅದು ಬರಿಯ ತಾಮ್ರದಂತೆಯೇ ಕಾಣುತ್ತದೆ. ಆದರೆ ಆ ಹೊಳಪು ತಾಮ್ರದ್ದಲ್ಲ. ತಾಮ್ರದ ಮೇಲೆ ಬಳಿದಿರುವ ಪಾರದರ್ಶಕವಾದ ಲೇಪದ್ದು. ಈ ಲೇಪವುಳ್ಳ ತಂತಿಗೆ ಎನಾಮಲ್ ತಂತಿಯೆಂದು ಹೆಸರು. ಸ್ವಹಸ್ತದಿಂದ ಸ್ಪೀಕರು, ಆಂಪ್ಲಿಫೈಯರು, ರೇಡಿಯೋಗಳನ್ನು ಕಟ್ಟಬೇಕೆಂಬ ಹವ್ಯಾಸವುಳ್ಳ ತರುಣರು ಈ ತಂತಿಯನ್ನು ಎಲ್ಲಿ ಉಪಯೋಗಿಸಬಹುದು, ಎಲ್ಲಿ ಉಪಯೋಗಿಸಕೂಡದು, ಏತಕ್ಕೆ ಎಂಬುದನ್ನು ವಿವರಿಸುವುದೇ ಈ ಭಾಷಣದ ಉದ್ದೇಶ.

ಈ ವಿಷಯವನ್ನು ಹೇಳಲು ನಾನು ಕಾರಟಗಿಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಗಂಗಾವತಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ಆ ಊರು ಅಕ್ಕಿಗೆ ಹೆಸರಾದುದೇ ಹೊರತು ಧ್ವನಿಯಂತ್ರಗಳಿಗಲ್ಲ. 1935ರಲ್ಲಿ ಡಾ|| ಎಂ. ವಿ. ಗೋಪಾಲಸ್ವಾಮಿಗಳು ಮೈಸೂರಿನ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರೇಷಕಯಂತ್ರವನ್ನಿಟ್ಟುಕೊಂಡು ಆಕಾಶವಾಣಿಯನ್ನು ಆರಂಭಿಸಿದಾಗ ಕಾರಟಗಿಯು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಸುತ್ತಲಿನ ಬೇಸಾಯವು ಬಹುಪಾಲು ಮಳೆಯನ್ನೇ ನಂಬಿಕೊಂಡಿತ್ತು. 1945ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸವು ಮೊದಲಾಗಿ, 1953ರಲ್ಲಿ ನೀರು ಹರಿಯತೊಡಗಿದ ಮೇಲೆ ಎಡದಂಡೆಯ ಕಾಲುವೆಯು ಆ ಸೀಮೆಯ ಸ್ವರೂಪವನ್ನೇ ಬದಲಾಯಿಸಿತು. ಕಾಲುವೆಯಿಂದ ಬತ್ತ, ಬತ್ತದಿಂದ ಗಿರಣಿ, ಗಿರಣಿಯಿಂದ ಮೋಟಾರು. ಮೋಟಾರು ಇದ್ದಲ್ಲಿ ಅದು ಸುಟ್ಟುಹೋಗುವುದೂ ಉಂಟು, ಸುಟ್ಟುದನ್ನು ಮತ್ತೆ ಸುತ್ತುವ ಕುಶಲಕರ್ಮಿಯೂ ಉಂಟು. ಹೀಗೆ ಬತ್ತದ ಸೀಮೆಯ ಪೇಟೆಗಳಲ್ಲಿ, ಸಂಗೀತದ ಸಾಮಾನು ಮಾರುವ ಅಂಗಡಿ ಇಲ್ಲದಿದ್ದರೂ, ಮೋಟಾರು ವೈಂಡಿಂಗ್ ಮಾಡುವ ಅಂಗಡಿಯು ತಪ್ಪದೆ ಇರುತ್ತದೆ. ಸ್ಪೀಕರಿನ ಸುರುಳಿಗೆ ಬೇಕಾದ ಉತ್ತಮ ತಂತಿಯು ಹವ್ಯಾಸಿಗೆ ದೊರೆಯುವುದು ಇಲ್ಲಿಯೇ. ದೂರದ ಪಟ್ಟಣಕ್ಕೆ ಬರೆದು ತರಿಸಬೇಕಾದ ಅವಶ್ಯಕತೆಯಿಲ್ಲ.

ಮೊದಲು ಈ ಲೇಪದ ಅಗತ್ಯವೇನೆಂಬುದನ್ನು ನೋಡೋಣ. ತಂತಿಯಲ್ಲಿ ವಿದ್ಯುತ್ತು ಹರಿದಾಗ ಅದರ ಸುತ್ತಲೂ ಅಯಸ್ಕಾಂತ ಶಕ್ತಿಯು ಹುಟ್ಟುತ್ತದೆ. ಒಂದೇ ತಂತಿಯನ್ನು ನೂರು ಸುತ್ತು ಸುತ್ತಿದರೆ ಆ ಶಕ್ತಿಯೂ ನೂರ್ಮಡಿಯಾಗುತ್ತದೆ. ಆದರೆ ಬರಿಯ ತಂತಿಯನ್ನು ಒತ್ತೊತ್ತಾಗಿ ಸುತ್ತಿದರೆ ವಿದ್ಯುತ್ತು ಸುತ್ತಿಕೊಂಡು ಹೋಗುವ ಶ್ರಮವನ್ನು ಬಿಟ್ಟು, ಒಂದು ಸುತ್ತಿನಿಂದ ಪಕ್ಕದ ಸುತ್ತಿಗೆ ದಾಟಿ ಅಡ್ಡದಾರಿಯಲ್ಲಿಯೇ ಹೋಗಿಬಿಡುತ್ತದೆ. ಅಮೆರಿಕದ ಜೋಸೆಫ್ ಹೆನ್ರಿಯು 1830ರ ಸುಮಾರಿನಲ್ಲಿ ತಂತಿಗೆ ರೇಷ್ಮೆಯನ್ನು ಸುತ್ತಿ, ಅಂಥ ತಂತಿಯಿಂದ ಬಲವಾದ ವಿದ್ಯುದಯಸ್ಕಾಂತಗಳನ್ನು ಮಾಡಿ ತೋರಿಸಿದನು. 1831ರಲ್ಲಿ ಇಂಗ್ಲೆಂಡಿನ ಫ್ಯಾರಡೆಯು ತನ್ನ ಪ್ರಸಿದ್ಧವಾದ ಕಬ್ಬಿಣದ ಉಂಗುರಕ್ಕೆ ಸುರುಳಿಗಳನ್ನು ಸುತ್ತಿದಾಗ ಸುತ್ತುಗಳ ನಡುವೆ ಹುರಿಯನ್ನೂ ಪದರಗಳ ನಡುವೆ ಬಟ್ಟೆಯನ್ನೂ ಇಟ್ಟನು. ಹೀಗೆ ರೇಷ್ಮೆ, ಹತ್ತಿಗಳು ಬಹುಕಾಲ ಈ ಕೆಲಸವನ್ನು ಮಾಡಿದುವು. ಆದರೆ ಅವು ಸ್ಥಳವನ್ನು ಹೆಚ್ಚಾಗಿ ತಿನ್ನುತ್ತವೆ, ತೇವವನ್ನು ಹೀರುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ಅವುಗಳ ಸ್ಥಾನಕ್ಕೆ ತೆಳುವಾದ ವಾರ್ನಿಷಿನ ಲೇಪವು ಬಂದಿತು.

ಎನಾಮಲ್ ಎಂದೊಡನೆ ಬಿಳಿಯ ಪಿಂಗಾಣಿಯ ಬಟ್ಟಲು ನೆನಪಾಗುವುದು ಸಹಜ. ಆದರೆ ಇಲ್ಲಿ ಗಾಜಿನ ಅಂಶವೇನೂ ಇಲ್ಲ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಮರದ ಬೊಂಬೆಗೆ ಬಣ್ಣವನ್ನು ಹಚ್ಚುವಂತೆ, ಇದು ತಾಮ್ರದ ಮೇಲೆ ಹಚ್ಚಿದ ಒಂದು ಬಗೆಯ ರಾಳ. ತಂತಿಯನ್ನು ದ್ರವರೂಪದ ರಾಳದಲ್ಲಿ ಹಾಯಿಸಿ, ಕುಲುಮೆಯಲ್ಲಿ ಬೇಯಿಸಿ, ಮತ್ತೆ ಹಾಯಿಸಿ, ಮತ್ತೆ ಬೇಯಿಸಿ, ಹೀಗೆ ಹಲವು ಸಲ ಮಾಡುವುದರಿಂದ ಲೇಪವು ಪದರ ಪದರವಾಗಿ ಕೂಡುತ್ತದೆ. ಅರ್ಧ ಮಿಲಿಮೀಟರು ವ್ಯಾಸದ ತಂತಿಯ ಮೇಲೆ ಇಮ್ಮಡಿ ಲೇಪವಿದ್ದರೂ ಅದರ ದಪ್ಪವು ಒಂದು ಮಿಲಿಮೀಟರಿನ ನಲವತ್ತರಲ್ಲಿ ಒಂದು ಭಾಗದ ಸುಮಾರಿನಲ್ಲಿರುತ್ತದೆ, ಎಂದರೆ ಮನುಷ್ಯನ ತಲೆಗೂದಲಿನ ಅರ್ಧಕ್ಕಿಂತಲೂ ಕಡಿಮೆ. ಇಷ್ಟು ತೆಳುವಾದ ಪೊರೆಯು ಹೊಸದಾಗಿರುವಾಗ, ಕಾರ್ಖಾನೆಯ ಪರೀಕ್ಷೆಯಲ್ಲಿ, ಕೆಲವು ಸಾವಿರ ವೋಲ್ಟುಗಳನ್ನು ತಡೆಯಬಲ್ಲುದು. ಇದು ಆಶ್ಚರ್ಯಕರವೇ. ಆದರೆ ಈ ಆಶ್ಚರ್ಯದಿಂದಲೇ ಅಪಾಯವೂ ಹುಟ್ಟುತ್ತದೆ. ವಿದ್ಯುತ್ತನ್ನು ತಡೆಯುವ ಶಕ್ತಿಯು ಬೇರೆ, ಉಜ್ಜಾಟವನ್ನು ತಡೆಯುವ ಶಕ್ತಿಯು ಬೇರೆ. ಸಾವಿರ ವೋಲ್ಟನ್ನು ತಡೆದ ಲೇಪವು ಒಂದು ತಗಡಿನ ಅಂಚಿನ ಮುಂದೆ ನಿಲ್ಲಲಾರದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಮುಂದೆ ಹೇಳುವುದೆಲ್ಲವೂ ತಾನಾಗಿಯೇ ತಿಳಿಯುತ್ತದೆ.

ತಂತಿಯ ದಪ್ಪವನ್ನು ನಮ್ಮ ವೈಂಡಿಂಗ್ ಅಂಗಡಿಗಳಲ್ಲಿ ಇಂದಿಗೂ ಗೇಜಿನ ಸಂಖ್ಯೆಯಿಂದಲೇ ಹೇಳುವ ರೂಢಿಯುಂಟು. ಸಂಖ್ಯೆಯು ಹೆಚ್ಚಾದಂತೆಲ್ಲಾ ತಂತಿಯು ಸಣ್ಣದಾಗುತ್ತದೆ. 18ನೆಯ ಗೇಜಿನ ತಂತಿಯ ವ್ಯಾಸವು 1.22 ಮಿಲಿಮೀಟರು, 24ನೆಯದು 0.56, 32ನೆಯದು 0.27. ಇದರೊಡನೆ ನಿರೋಧವನ್ನೂ ತಿಳಿದಿರಬೇಕು. 18ನೆಯ ಗೇಜಿನ ಒಂದು ಮೀಟರು ತಾಮ್ರದ ತಂತಿಯ ನಿರೋಧವು ಸುಮಾರು 0.015 ಓಮ್, 24ನೆಯದರದು 0.07 ಓಮ್. ಇವು ಅತ್ಯಲ್ಪವಾದ ಸಂಖ್ಯೆಗಳೆಂದು ತೋರಬಹುದು. ಆದರೆ ಸ್ಪೀಕರಿನ ನಿರೋಧವೇ 4 ಅಥವಾ 8 ಓಮ್ ಆಗಿರುವಾಗ ಅರ್ಧ ಓಮ್ ಕೂಡ ಗಣನೆಗೆ ಬರುತ್ತದೆ.

ಈ ತಂತಿಯು ಸರ್ವಥಾ ಯೋಗ್ಯವಾಗಿರುವ ಕೆಲಸವೆಂದರೆ ಸ್ಪೀಕರು ಪೆಟ್ಟಿಗೆಯೊಳಗಿನ ವಿಭಾಜಕ ಸುರುಳಿ. ಒಂದೇ ಪೆಟ್ಟಿಗೆಯಲ್ಲಿ ಮಂದ್ರಸ್ವರಗಳಿಗೆ ದೊಡ್ಡ ಸ್ಪೀಕರನ್ನೂ ತಾರಸ್ವರಗಳಿಗೆ ಚಿಕ್ಕ ಸ್ಪೀಕರನ್ನೂ ಇಡುತ್ತಾರಷ್ಟೆ. ಮೃದಂಗದ ಎಡಮುಖದ ನಾದವು ದೊಡ್ಡದಕ್ಕೂ ತಾಳದ ಝಣತ್ಕಾರವು ಚಿಕ್ಕದಕ್ಕೂ ಹೋಗಬೇಕು. ದೊಡ್ಡ ಸ್ಪೀಕರಿನ ದಾರಿಯಲ್ಲಿ ಒಂದು ತಂತಿಯ ಸುರುಳಿಯನ್ನಿಟ್ಟರೆ ಅದು ಶೀಘ್ರವಾದ ಕಂಪನಗಳನ್ನು ತಡೆದು ನಿಧಾನವಾದುವನ್ನು ಬಿಡುತ್ತದೆ. ಚಿಕ್ಕದರ ದಾರಿಯಲ್ಲಿ ಒಂದು ಕೆಪ್ಯಾಸಿಟರನ್ನಿಟ್ಟರೆ ಅದು ಇದಕ್ಕೆ ವಿರುದ್ಧವಾಗಿ ನಡೆದುಕೊಳ್ಳುತ್ತದೆ. 8 ಓಮ್ ಸ್ಪೀಕರುಗಳಿಗೆ, ಸೆಕೆಂಡಿಗೆ 2500 ಕಂಪನಗಳ ಎಡೆಯಲ್ಲಿ ಸ್ವರಗಳನ್ನು ಬೇರ್ಪಡಿಸಬೇಕಾದರೆ, ಸರಳವಾದ ಲೆಕ್ಕದ ಪ್ರಕಾರ 0.5 ಮಿಲಿಹೆನ್ರಿಯ ಸುರುಳಿಯೂ 8 ಮೈಕ್ರೋಫ್ಯಾರಡಿನ ಕೆಪ್ಯಾಸಿಟರೂ ಬೇಕು.

0.5 ಮಿಲಿಹೆನ್ರಿಯ ಸುರುಳಿಯನ್ನು ಮನೆಯಲ್ಲಿ ಸುತ್ತುವುದು ಹೇಗೆ? 30 ಮಿಲಿಮೀಟರು ವ್ಯಾಸದ ಒಂದು ಮರದ ಅಥವಾ ಪ್ಲಾಸ್ಟಿಕ್ಕಿನ ಕೊಳವೆಯನ್ನು ತೆಗೆದುಕೊಂಡು, ಎರಡು ಕಡೆಯೂ ಬಿಲ್ಲೆಗಳನ್ನು ಅಂಟಿಸಿ, ನಡುವೆ 20 ಮಿಲಿಮೀಟರು ಅಗಲದ ಸ್ಥಳವನ್ನು ಬಿಡಬೇಕು. ಅದರೊಳಗೆ 18ನೆಯ ಗೇಜಿನ ಎನಾಮಲ್ ತಂತಿಯನ್ನು ಒತ್ತಾಗಿ ಸುತ್ತಬೇಕು. ಒಂದು ಪದರದಲ್ಲಿ ಸುಮಾರು 15 ಸುತ್ತು ಹಿಡಿಯುತ್ತದೆ. ಅಮೆರಿಕದ ಹೆರಾಲ್ಡ್ ವೀಲರನು 1928ರಲ್ಲಿ ಕೊಟ್ಟ ಸೂತ್ರದಂತೆ ಲೆಕ್ಕ ಹಾಕಿದರೆ 125 ಸುತ್ತುಗಳಿಗೆ ನಮಗೆ ಬೇಕಾದ 0.5 ಮಿಲಿಹೆನ್ರಿಯು ದೊರೆಯುತ್ತದೆ. ಇದಕ್ಕೆ ತಗಲುವ ತಂತಿ ಸುಮಾರು 16 ಮೀಟರು, ತೂಕ ಸುಮಾರು 170 ಗ್ರಾಮು, ನಿರೋಧ 0.24 ಓಮ್. ಮೋಟಾರು ಸುತ್ತುವವನ ಬಳಿ ಇಷ್ಟು ತಂತಿಯು ಉಳಿಕೆಯ ತುಂಡಾಗಿಯೇ ದೊರೆಯಬಹುದು. ಒಳಗೆ ಕಬ್ಬಿಣದ ತಿರುಳನ್ನು ಇಟ್ಟರೆ ಸುತ್ತುಗಳು ಕಡಿಮೆ ಸಾಕು. ಆದರೆ ಸ್ವರವು ಬಲವಾದಾಗ ಕಬ್ಬಿಣವು ಅಯಸ್ಕಾಂತತ್ವದಿಂದ ತುಂಬಿಹೋಗಿ ನಾದವನ್ನು ಕೆಡಿಸುವ ಸಂಭವವುಂಟು. ಗಾಳಿಯ ತಿರುಳಿಗೆ ಈ ದೋಷವಿಲ್ಲ.

ಹಣವನ್ನು ಉಳಿಸುವುದಕ್ಕಾಗಿ ಅದೇ ಕೊಳವೆಗೆ 24ನೆಯ ಗೇಜಿನ ಸಣ್ಣ ತಂತಿಯನ್ನು ಸುತ್ತಿದರೇನಾಗುತ್ತದೆ? ಸುಮಾರು 135 ಸುತ್ತಿಗೆ ಅದೇ 0.5 ಮಿಲಿಹೆನ್ರಿಯು ಬರುತ್ತದೆ. ಆದರೆ ನಿರೋಧವು ಹೆಚ್ಚುಕಡಿಮೆ 1 ಓಮ್ ಆಗುತ್ತದೆ. ದಪ್ಪ ತಂತಿಯ ಸುರುಳಿಯಲ್ಲಿ ಶಕ್ತಿಯ 100 ಪಾಲಿನಲ್ಲಿ 3 ಪಾಲು ಮಾತ್ರ ಶಾಖವಾಗಿ ನಷ್ಟವಾಗುತ್ತಿದ್ದರೆ, ಸಣ್ಣ ತಂತಿಯಲ್ಲಿ 11 ಪಾಲು ನಷ್ಟವಾಗುತ್ತದೆ. ಅಷ್ಟೇ ಅಲ್ಲದೆ, ಹಾಳೆಯ ಓಲಾಟವನ್ನು ಹಿಡಿದು ನಿಲ್ಲಿಸುವ ಆಂಪ್ಲಿಫೈಯರಿನ ಹಿಡಿತವೂ ಸಡಿಲವಾಗಿ ಮಂದ್ರಸ್ವರಗಳು ಜಾಳಾಗುತ್ತವೆ. ಆದುದರಿಂದ ಈ ಕೆಲಸಕ್ಕೆ ದಪ್ಪ ತಂತಿಯೇ ಶ್ರೇಷ್ಠ. ಸುರುಳಿಯನ್ನು ಹಿತ್ತಾಳೆಯ ಮೊಳೆಯಿಂದಲೋ ಪ್ಲಾಸ್ಟಿಕ್ಕಿನ ಪಟ್ಟಿಯಿಂದಲೋ ಬಿಗಿಯಬೇಕು. ಕಬ್ಬಿಣದ ಮೊಳೆಯು ಲೆಕ್ಕವನ್ನು ಕೆಡಿಸುತ್ತದೆ. ಒಂದೇ ಹಲಗೆಯ ಮೇಲೆ ಎರಡು ಸುರುಳಿಗಳಿದ್ದರೆ ಅವನ್ನು ಒಂದಕ್ಕೊಂದು ದೂರವಾಗಿಯೂ ಲಂಬವಾಗಿಯೂ ಇಡಬೇಕು. ಇಲ್ಲದಿದ್ದರೆ ಒಂದರ ಅಯಸ್ಕಾಂತ ಶಕ್ತಿಯು ಇನ್ನೊಂದನ್ನು ಮುಟ್ಟಿ ಎರಡೂ ತಮ್ಮ ತಮ್ಮ ಧರ್ಮವನ್ನು ಬಿಡುತ್ತವೆ.

ಎರಡನೆಯ ಯೋಗ್ಯವಾದ ಕೆಲಸವು ರೇಡಿಯೋ ಸುರುಳಿ. 531ರಿಂದ 1602 ಕಿಲೋಹರ್ಟ್ಸ್‌ವರೆಗಿನ ಮಧ್ಯಮ ತರಂಗಗಳನ್ನು ಹಿಡಿಯಬೇಕಾದರೆ, 500 ಪಿಕೋಫ್ಯಾರಡಿನ ತಿರುಗುವ ಕೆಪ್ಯಾಸಿಟರಿಗೆ ಜೊತೆಯಾಗಿ ಸುಮಾರು 180 ಮೈಕ್ರೋಹೆನ್ರಿಯ ಸುರುಳಿಯು ಬೇಕು. 40 ಮಿಲಿಮೀಟರು ವ್ಯಾಸದ ಕೊಳವೆಯ ಮೇಲೆ 26ನೆಯ ಗೇಜಿನ ಎನಾಮಲ್ ತಂತಿಯನ್ನು ಒಂದೇ ಪದರವಾಗಿ 82 ಸುತ್ತು ಸುತ್ತಿದರೆ ಅದು ಸಿದ್ಧವಾಗುತ್ತದೆ. ತಂತಿಯು ಹತ್ತೂವರೆ ಮೀಟರು ಸಾಕು. 1950ರಲ್ಲಿ ಆರಂಭವಾದ ಧಾರವಾಡದ ಆಕಾಶವಾಣಿಗೆ ಬಹುಕಾಲದಿಂದ ಹೆಸರಾದ 765 ಕಿಲೋಹರ್ಟ್ಸ್ ಸ್ಥಾನವು ಈ ಸುರುಳಿಯಲ್ಲಿ ಕೆಪ್ಯಾಸಿಟರು ಅರ್ಧಕ್ಕೆ ಸಮೀಪವಾಗಿ, ಸುಮಾರು 240 ಪಿಕೋಫ್ಯಾರಡಿನಲ್ಲಿ ನಿಂತಾಗ ಬರುತ್ತದೆ. ಸುರುಳಿಯನ್ನು ಸುತ್ತಿ, ಲೆಕ್ಕವನ್ನು ಮಾಡಿ, ಲೆಕ್ಕಕ್ಕೆ ಸರಿಯಾಗಿ ಗಾಳಿಯೊಳಗಿನಿಂದ ಒಂದು ದನಿಯನ್ನು ಹಿಡಿದ ಬಾಲಕನಿಗೆ ಭೌತಶಾಸ್ತ್ರದ ಪುಸ್ತಕದಲ್ಲಿ ನಂಬಿಕೆಯು ಹುಟ್ಟುವಂತೆ ಬೇರಾವ ಉಪಾಯದಿಂದಲೂ ಹುಟ್ಟುವುದಿಲ್ಲವೆಂಬುದು ಅಧ್ಯಾಪಕರೆಲ್ಲರ ಅನುಭವ.

ಸ್ಪೀಕರಿನ ಹೃದಯದಲ್ಲಿಯೂ ಇದೇ ತಂತಿಯಿದೆ. 1925ರಲ್ಲಿ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಎಂಬಿಬ್ಬರು ಇಂದಿನ ಮಾದರಿಯ ಸ್ಪೀಕರನ್ನು ಲೋಕಕ್ಕೆ ವಿವರಿಸಿದರು. ರೈಸ್ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ ಅಕ್ಕಿಯೆಂದೂ ಅರ್ಥವಾಗುವುದರಿಂದ ಕಾರಟಗಿಯವರು ಅವನನ್ನು ಮರೆಯಲು ಕಾರಣವಿಲ್ಲ. ಕಾಗದದ ಶಂಕುವಿನ ಹಿಂದೆ ಅಂಟಿಸಿದ ಸಣ್ಣ ಎನಾಮಲ್ ಸುರುಳಿಯು ಅಯಸ್ಕಾಂತದ ಸಂದಿನಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುವುದರಿಂದಲೇ ನಮಗೆ ಸಂಗೀತವು ಕೇಳಿಸುತ್ತದೆ. ಈ ಸುರುಳಿಯು ಬಹಳವಾಗಿ ಕಾಯುತ್ತದೆ. ಕಾವು 100 ಡಿಗ್ರಿಗಳಷ್ಟು ಏರಿದರೆ ತಾಮ್ರದ ನಿರೋಧವು 100ಕ್ಕೆ ಸುಮಾರು 39 ಪಾಲು ಹೆಚ್ಚುತ್ತದೆ. ಜಾತ್ರೆಯಲ್ಲಿ ಗಂಟೆಗಟ್ಟಲೆ ಕೂಗಿದ ಸ್ಪೀಕರು ಸಾಯಂಕಾಲಕ್ಕೆ ದನಿ ಕುಗ್ಗಿದಂತೆ ತೋರುವುದಕ್ಕೆ ಇದೂ ಒಂದು ಕಾರಣ. ಕಾವು ಮತ್ತೂ ಏರಿದರೆ ಲೇಪವು ಕರಿಕಾಗಿ ಸುತ್ತುಗಳು ಒಂದಕ್ಕೊಂದು ಕೂಡಿಬಿಡುತ್ತವೆ.

ಇನ್ನು ಕೈಕೆಲಸದ ಮುಖ್ಯವಾದ ಒಂದು ಸೂಕ್ಷ್ಮ. ಎನಾಮಲ್ ತಂತಿಗಳಲ್ಲಿ ಎರಡು ಜಾತಿ. ಪಾಲಿಯುರಿಥೇನ್ ಎಂಬ ರಾಳವನ್ನು ಬಳಿದ ತಂತಿಯನ್ನು ಸುಮಾರು 390 ಡಿಗ್ರಿ ಸೆಂಟಿಗ್ರೇಡಿಗೆ ಕಾದ ಬೆಸುಗೆಯ ಸೀಸದಲ್ಲಿ ಅದ್ದಿದರೆ ಲೇಪವು ತಾನೇ ಕರಗಿಹೋಗಿ ಬೆಸುಗೆಯು ತಾಮ್ರಕ್ಕೆ ಹಿಡಿಯುತ್ತದೆ. ಮೋಟಾರುಗಳಿಗೆ ಉಪಯೋಗಿಸುವ ತಂತಿಯು ಸಾಮಾನ್ಯವಾಗಿ ಇನ್ನೊಂದು ಜಾತಿಯದು. 180 ಅಥವಾ 200 ಡಿಗ್ರಿಗಳ ಕಾವಿನಲ್ಲಿ ವರ್ಷಗಟ್ಟಲೆ ಬಾಳಲೆಂದೇ ಮಾಡಿದ ಆ ಲೇಪವು ಬೆಸುಗೆಯ ಕಡ್ಡಿಗೆ ಜಗ್ಗುವುದಿಲ್ಲ. ಅದನ್ನು ಚಾಕುವಿನಿಂದ ಕೆರೆದು, ಉಪ್ಪುಕಾಗದದಿಂದ ಸುತ್ತಲೂ ಉಜ್ಜಿ, ತಾಮ್ರದ ತಿಳಿಗೆಂಪು ಬಣ್ಣವು ಕಾಣುವಂತೆ ಮಾಡಿದ ಮೇಲೆಯೇ ಬೆಸೆಯಬೇಕು. ಹೀಗೆ ಮಾಡದಿದ್ದರೆ ಬೆಸುಗೆಯು ತಂತಿಯ ಸುತ್ತಲೂ ಮುದ್ದೆಯಾಗಿ ನಿಂತು ನೋಡಲು ಭದ್ರವಾಗಿ ಕಾಣುತ್ತದೆ. ಒಳಗೆ ಲೇಪವು ಹಾಗೆಯೇ ಇದ್ದು ವಿದ್ಯುತ್ತು ದಾಟುವುದಿಲ್ಲ. ಯಂತ್ರವು ಮೂಕವಾಗಿರುತ್ತದೆ, ಕಾರಣವು ಕಣ್ಣಿಗೆ ಕಾಣುವುದಿಲ್ಲ. ಎಷ್ಟೋ ಉತ್ಸಾಹಿಗಳು ಈ ಹಂತದಲ್ಲಿ ನಿರಾಶರಾಗಿ ಕೆಲಸವನ್ನು ಕೈಬಿಡುತ್ತಾರೆ. ಪ್ರತಿಯೊಂದು ಬೆಸುಗೆಯಾದ ಮೇಲೂ ಮಾಪಕಯಂತ್ರದಿಂದ ನಿರೋಧವನ್ನು ಅಳೆಯುವ ಅಭ್ಯಾಸವಿದ್ದರೆ ಈ ತೊಂದರೆಯು ಒಂದು ನಿಮಿಷದಲ್ಲಿ ಬಯಲಾಗುತ್ತದೆ. ಲೇಪವು ಕಾದಾಗ ಏಳುವ ಹೊಗೆಯು ಶ್ವಾಸಕೋಶಕ್ಕೆ ಹಿತವಲ್ಲ. ಕಿಟಕಿಯನ್ನು ತೆರೆದಿಟ್ಟು ಕೆಲಸ ಮಾಡಬೇಕು. ಹಳೆಯ ಸುರುಳಿಗಳನ್ನು ಬೆಂಕಿಗೆ ಹಾಕಿ ತಾಮ್ರವನ್ನು ತೆಗೆಯುವ ರೂಢಿಯನ್ನಂತೂ ಸರ್ವಥಾ ಬಿಡಬೇಕು. ಆ ವಿಷಧೂಮವು ಸುಡುವವನಿಗೂ ಕೇರಿಯ ಮಕ್ಕಳಿಗೂ ಸಮಾನವಾಗಿ ಹಾನಿಕರ.

ಸುಟ್ಟ ಮೋಟಾರಿನಿಂದ ಬಿಚ್ಚಿದ ತಂತಿಯು ಅಗ್ಗವಾಗಿ ದೊರೆಯುವುದುಂಟು. ಅದನ್ನು ಆಶಿಸಬಾರದು. ಒಮ್ಮೆ ಬಾಗಿ, ಕಾದು, ಮತ್ತೆ ನೆಟ್ಟಗಾದ ತಂತಿಯು ಪೆಡಸಾಗಿರುತ್ತದೆ; ಲೇಪದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಹೊಸ ತಂತಿಯಲ್ಲಿಯೂ ಒಂದು ಪರೀಕ್ಷೆ ಅವಶ್ಯಕ. ಅಲ್ಯೂಮಿನಿಯಮ್ಮಿನ ತಂತಿಗೂ ಎನಾಮಲ್ ಬಳಿಯುತ್ತಾರೆ. ಮೇಲಿನ ಬಣ್ಣವನ್ನು ನೋಡಿ ಲೋಹವನ್ನು ಹೇಳಲಾಗುವುದಿಲ್ಲ. ತುದಿಯನ್ನು ಕೆರೆದು ನೋಡಿದರೆ ಒಳಗೆ ಬೆಳ್ಳಗಿದೆಯೋ ಕೆಂಪಗಿದೆಯೋ ತಿಳಿಯುತ್ತದೆ. ಅಲ್ಯೂಮಿನಿಯಮ್ಮಿಗೆ ತಾಮ್ರದ ಹೊದಿಕೆಯನ್ನು ಕೊಟ್ಟಿದ್ದರೆ ಕೆರೆದರೂ ಮೋಸಹೋಗಬಹುದು. ಆಗ ತಕ್ಕಡಿಯೇ ಸಾಕ್ಷಿ. 18ನೆಯ ಗೇಜಿನ 10 ಮೀಟರು ತಾಮ್ರದ ತಂತಿಯು ಸುಮಾರು 105 ಗ್ರಾಮು ತೂಗಬೇಕು. ಅದೇ ಅಳತೆಯ ಅಲ್ಯೂಮಿನಿಯಮ್ಮು 32 ಗ್ರಾಮನ್ನೂ ಮುಟ್ಟುವುದಿಲ್ಲ. ಅದರ ನಿರೋಧವು ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಬತ್ತವನ್ನು ತೂಗಿ ಕೊಳ್ಳಬಲ್ಲ ಊರಿನವರಿಗೆ ತಂತಿಯನ್ನು ತೂಗಿ ಕೊಳ್ಳುವುದನ್ನು ಕಲಿಸಬೇಕಾಗಿಲ್ಲ.

ಈಗ ನಿಷೇಧಗಳಿಗೆ ಬರೋಣ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಗೋಡೆಯ ಮೇಲೆ, ಬಾಗಿಲ ಸಂದಿನಲ್ಲಿ ಎಳೆಯುವ ತಂತಿಯಾಗಿ ಎನಾಮಲ್ ತಂತಿಯನ್ನು ಉಪಯೋಗಿಸಬಾರದು. ವಿದ್ಯುತ್ತಿನ ಒತ್ತಡವು ಇಲ್ಲಿ ಹೆಚ್ಚಿಲ್ಲ. 8 ಓಮ್ ಸ್ಪೀಕರಿಗೆ 50 ವಾಟ್ ಕೊಡುವಾಗಲೂ ಅದು 20 ವೋಲ್ಟು ಮಾತ್ರ. ಆದರೆ ತಂತಿಯು ಉಜ್ಜಿಕೊಳ್ಳುತ್ತದೆ, ಕಾಲಿಗೆ ಸಿಕ್ಕುತ್ತದೆ, ಇಲಿಯು ಕಡಿಯುತ್ತದೆ. ಎರಡು ತಂತಿಗಳ ಲೇಪವು ಒಂದೇ ಎಡೆಯಲ್ಲಿ ಹೋದರೆ ಅವು ಕೂಡಿಕೊಂಡು ಆಂಪ್ಲಿಫೈಯರಿನ ಕೊನೆಯ ಟ್ರಾನ್ಸಿಸ್ಟರುಗಳು ಸುಟ್ಟುಹೋಗಬಹುದು. ಒಂಟೆಳೆಯ ಗಟ್ಟಿ ತಂತಿಯು ಹಲವು ಸಲ ಬಾಗಿದರೆ ಮುರಿಯುವುದೂ ನಿಶ್ಚಯ. ಇಲ್ಲಿಗೆ ಹಲವು ಎಳೆಗಳ, ಪ್ಲಾಸ್ಟಿಕ್ಕಿನ ಹೊದಿಕೆಯ ತಂತಿಯೇ ತಕ್ಕದ್ದು. ಪೆಟ್ಟಿಗೆಯೊಳಗೆ ಅಲುಗಾಡದಂತೆ ಬಿಗಿದ ಗೇಣುದ್ದದ ಕೂಡುತಂತಿಗಳಿಗೆ ಮಾತ್ರ ಎನಾಮಲ್ ತಂತಿಯು ಬಾಧಕವಿಲ್ಲದೆ ನಡೆಯುತ್ತದೆ.

ಮೈಕ್ರೋಫೋನಿನಿಂದ ಬರುವ ದುರ್ಬಲವಾದ ಸಂಕೇತಗಳನ್ನು ಒಯ್ಯುವುದಕ್ಕೂ ಇದು ಸಲ್ಲದು. ಸುತ್ತಲೂ ಜಾಲರಿಯ ಕವಚವಿಲ್ಲದ ತಂತಿಯು ನೆರೆಯ ಗಿರಣಿಯ ಮೋಟಾರಿನ ಮತ್ತು ಮನೆಯ ದೀಪದ ತಂತಿಗಳ 50 ಕಂಪನಗಳ ಗುಂಯಿಗುಡುವಿಕೆಯನ್ನು ಎಳೆದುಕೊಂಡು ಹಾಡಿಗೆ ಬೆರಸುತ್ತದೆ. ಕೆಲವರು ಎನಾಮಲ್ ತಂತಿಯಿಂದಲೇ ನಾದವು ವಿಶೇಷವಾಗಿ ಸ್ವಚ್ಛವಾಗುತ್ತದೆಂದು ಹೇಳಿ, ಹೆಚ್ಚಿನ ಬೆಲೆಗೆ ಅದನ್ನು ಕೊಳ್ಳಬೇಕೆನ್ನುತ್ತಾರೆ. ಇದನ್ನು ಲೆಕ್ಕದಿಂದ ಪರೀಕ್ಷಿಸಬಹುದು. ಆಮ್ಲಜನಕವನ್ನು ತೆಗೆದ ಅತಿಶುದ್ಧ ತಾಮ್ರಕ್ಕೂ ಸಾಧಾರಣ ವಿದ್ಯುತ್ ತಾಮ್ರಕ್ಕೂ ವಾಹಕತ್ವದಲ್ಲಿರುವ ಭೇದವು 100ಕ್ಕೆ 1 ಪಾಲಿನಷ್ಟು. ಅದೇ ತಂತಿಯನ್ನು ಒಂದು ಗೇಜು ದಪ್ಪವಾಗಿ ತೆಗೆದುಕೊಂಡರೆ ಇದಕ್ಕಿಂತ ಹಲವು ಪಟ್ಟು ಲಾಭವುಂಟು. ಶೀಘ್ರಕಂಪನಗಳ ವಿದ್ಯುತ್ತು ತಂತಿಯ ಹೊರಮೈಯಲ್ಲಿಯೇ ಹರಿಯುತ್ತದೆಂಬುದು ನಿಜ. ಆದರೆ ಕಿವಿಗೆ ಕೇಳುವ ಮೇಲಿನ ಎಲ್ಲೆಯಾದ 20,000 ಕಂಪನಗಳಲ್ಲಿಯೂ ಅದು ಸುಮಾರು ಅರ್ಧ ಮಿಲಿಮೀಟರು ಆಳಕ್ಕೆ ಇಳಿಯುತ್ತದೆ. ಆದುದರಿಂದ ಸಾಮಾನ್ಯವಾದ ತಂತಿಯಲ್ಲಿ ಇದರ ಪರಿಣಾಮವು ಕಿವಿಗೆ ಸಿಕ್ಕುವಂಥದಲ್ಲ. ಮಧ್ಯಮ ತರಂಗದ ರೇಡಿಯೋದಲ್ಲಿ ಆ ಆಳವು ಮಿಲಿಮೀಟರಿನ ಹದಿನೈದರಲ್ಲಿ ಒಂದು ಭಾಗವಾಗುವುದರಿಂದ ಅಲ್ಲಿ ಮಾತ್ರ ಹಲವು ಸಣ್ಣ ಎನಾಮಲ್ ಎಳೆಗಳನ್ನು ಹೆಣೆದ ಲಿಟ್ಜ್ ತಂತಿಗೆ ಅರ್ಥವಿದೆ.

ಎಲ್ಲಕ್ಕಿಂತ ಮಹತ್ತ್ವದ ನಿಷೇಧವು ಮನೆಯ 230 ವೋಲ್ಟಿಗೆ ಸಂಬಂಧಿಸಿದುದು. ಗೋಡೆಯ ಪ್ಲಗ್ಗಿನಿಂದ ಯಂತ್ರಕ್ಕೆ ಎಳೆಯುವ ತಂತಿಯಾಗಿ ಎನಾಮಲ್ ತಂತಿಯನ್ನು ಒಂದು ಗೇಣು ಕೂಡ ಉಪಯೋಗಿಸಬಾರದು. ಲೇಪವು ಸಾವಿರ ವೋಲ್ಟನ್ನು ತಡೆಯುತ್ತದೆಂಬ ಪುಸ್ತಕದ ಮಾತು ಇಲ್ಲಿ ರಕ್ಷಣೆಯಲ್ಲ. ಯಂತ್ರದ ತಗಡಿನ ತೂತಿನಲ್ಲಿ ಒಮ್ಮೆ ಎಳೆದರೆ ಲೇಪವು ಹರಿದುಹೋಗುತ್ತದೆ. ತಗಡಿನ ಪೆಟ್ಟಿಗೆಗೇ ವಿದ್ಯುತ್ತು ಬರುತ್ತದೆ. ಅದನ್ನು ಮೊದಲು ಮುಟ್ಟುವವನು ಕಟ್ಟಿದವನೇ ಆಗಿರಬೇಕೆಂದಿಲ್ಲ, ಮನೆಯ ಮಗುವೂ ಆಗಿರಬಹುದು. ಬೋರುಬಾವಿಯೊಳಗೆ ನೀರಿನಲ್ಲಿ ಮುಳುಗಿಯೇ ಕೆಲಸ ಮಾಡುವ ಮೋಟಾರುಗಳಿಗೆ ವೈಂಡಿಂಗ್ ಮಾಡುವವರು ಎನಾಮಲ್ ತಂತಿಯನ್ನು ನೆಚ್ಚದೆ ಪ್ಲಾಸ್ಟಿಕ್ಕಿನ ಹೊದಿಕೆಯ ಬೇರೆ ತಂತಿಯನ್ನೇ ಸುತ್ತುತ್ತಾರೆ. ಲೇಪದಲ್ಲಿ ಸೂಜಿಮೊನೆಯಷ್ಟು ತೂತುಗಳಿರಬಹುದೆಂದೂ ನೀರು ಅವನ್ನು ಹುಡುಕಿಕೊಂಡು ಹೋಗುತ್ತದೆಂದೂ ಅವರು ಬಲ್ಲರು. ಆ ಕುಶಲಕರ್ಮಿಗಳ ವಿವೇಕವನ್ನು ಹವ್ಯಾಸಿಗಳೂ ಅನುಸರಿಸತಕ್ಕದ್ದು.

ಆಂಪ್ಲಿಫೈಯರಿಗೆ ಬೇಕಾದ ಟ್ರಾನ್ಸ್‌ಫಾರ್ಮರನ್ನು ಮನೆಯಲ್ಲಿಯೇ ಸುತ್ತಬಹುದೇ ಎಂದು ಅನೇಕ ವಿದ್ಯಾರ್ಥಿಗಳು ಕೇಳುವುದುಂಟು. ಲೆಕ್ಕವು ಕಷ್ಟವಲ್ಲ. ಒಂದು ಅಂಗುಲದ ಚೌಕವಾದ ತಿರುಳಿಗೆ ವೋಲ್ಟಿಗೆ ಸುಮಾರು 6 ಸುತ್ತುಗಳಂತೆ 230 ವೋಲ್ಟಿಗೆ 1380 ಸುತ್ತುಗಳು ಬೇಕು. 32ನೆಯ ಗೇಜಿನ ತಂತಿಯು ಸುಮಾರು 0.15 ಆಂಪಿಯರನ್ನು ಹಿತವಾಗಿ ಒಯ್ಯುತ್ತದೆ. ಆದರೆ ಈ 1380 ಸುತ್ತುಗಳಲ್ಲಿ ಅಕ್ಕಪಕ್ಕದ ಎರಡು ಸುತ್ತುಗಳ ಲೇಪವು ಒಂದೇ ಒಂದು ಕಡೆ ಸುಲಿದು ಅವು ತಗಲಿಕೊಂಡರೆ ಏನಾಗುವುದೆಂಬುದನ್ನು ಎಣಿಸಿ ನೋಡಿ. ಆ ಒಂದು ಸುತ್ತು ತನ್ನಷ್ಟಕ್ಕೆ ತಾನೇ ಮುಚ್ಚಿದ ಬಳೆಯಾಗುತ್ತದೆ. ಅದರಲ್ಲಿ ಹುಟ್ಟುವ ಒತ್ತಡವು ವೋಲ್ಟಿನ ಆರನೆಯ ಒಂದು ಭಾಗ ಮಾತ್ರ. ಆದರೆ ಅದರ ನಿರೋಧವು 0.04 ಓಮ್. ಆದುದರಿಂದ ಅದರಲ್ಲಿ 4 ಆಂಪಿಯರುಗಳವರೆಗೂ ಹರಿಯಬಹುದು. ಇದು ಹಿತವಾದ ಮಿತಿಯ ಇಪ್ಪತ್ತೈದು ಪಟ್ಟಿಗೂ ಮೇಲು. ಶಾಖವು ಪ್ರವಾಹದ ವರ್ಗದಂತೆ ಏರುವುದರಿಂದ ಅದು ಆರುನೂರು ಪಟ್ಟಿಗೂ ಮೀರುತ್ತದೆ. ಪಕ್ಕದ ಸುತ್ತುಗಳ ಲೇಪವೂ ಬೇಯುತ್ತದೆ, ಅವೂ ಕೂಡುತ್ತವೆ, ಕೆಲವು ನಿಮಿಷಗಳಲ್ಲಿ ಹೊಗೆ ಏಳುತ್ತದೆ. ಅಷ್ಟೇ ಅಲ್ಲದೆ, 230 ವೋಲ್ಟಿನ ಸುರುಳಿಗೂ ನಾವು ಕೈಯಿಂದ ಮುಟ್ಟುವ ಕಡೆಯ ಸುರುಳಿಗೂ ನಡುವೆ ಕೇವಲ ಎನಾಮಲನ್ನು ನಂಬಬಾರದು. ಅಲ್ಲಿ ಪ್ರತ್ಯೇಕವಾದ ಅವಾಹಕ ಪದರಗಳೂ, ಹೆಚ್ಚಿನ ಒತ್ತಡದ ಪರೀಕ್ಷೆಯೂ ಅವಶ್ಯಕ. ಈ ಪರೀಕ್ಷೆಯ ಸಾಧನಗಳು ಮನೆಗಳಲ್ಲಿರುವುದಿಲ್ಲ. ಆದುದರಿಂದ ಈ ಒಂದು ಅಂಗವನ್ನು ಪರೀಕ್ಷಿಸಿ ಮಾರಿದ ಸಿದ್ಧವಸ್ತುವಾಗಿಯೇ ಕೊಂಡುಕೊಂಡು, ಫ್ಯೂಜನ್ನು ತಪ್ಪದೆ ಇಟ್ಟು, ಮಿಕ್ಕ ಸುರುಳಿಗಳನ್ನು ಸ್ವಹಸ್ತದಿಂದ ಸುತ್ತುವುದು ಬುದ್ಧಿವಂತರ ಮಾರ್ಗ.

ಇಷ್ಟು ಹೇಳಿದುದರ ಸಾರವೇನು? ಎನಾಮಲ್ ತಂತಿಯು ಸುರುಳಿಗಾಗಿ ಹುಟ್ಟಿದ ತಂತಿ. ಸುತ್ತಿ, ಬಿಗಿದು, ಅಲುಗಾಡದಂತೆ ಇಟ್ಟಲ್ಲಿ ಅದಕ್ಕೆ ಸಮಾನವಾದುದು ಬೇರೊಂದಿಲ್ಲ. ಎಳೆದಾಡುವಲ್ಲಿ, ಮುಟ್ಟುವಲ್ಲಿ, ಮನೆಯ ವಿದ್ಯುತ್ತು ಇರುವಲ್ಲಿ ಅದಕ್ಕೆ ಸ್ಥಾನವಿಲ್ಲ. ದೊಡ್ಡ ಪಟ್ಟಣಗಳಲ್ಲಿ ಹಣವುಳ್ಳವರು ಕೊಂಡು ತಂದ ಧ್ವನಿಯನ್ನು ಕಾರಟಗಿಯಂಥ ಊರಿನ ತರುಣನು 16 ಮೀಟರು ತಂತಿ, ಒಂದು ಕೊಳವೆ, ಒಂದು ಸಂಜೆಯ ತಾಳ್ಮೆ ಇವುಗಳಿಂದ ತನ್ನ ಮನೆಯಲ್ಲಿ ಸಂಪಾದಿಸಬಹುದು. ಅದರ ಜೊತೆಗೆ ಸುತ್ತುಗಳ ಲೆಕ್ಕ, ತಕ್ಕಡಿಯ ಸತ್ಯ, ಬೆಸುಗೆಯ ಹದ ಇವುಗಳನ್ನೂ ಕಲಿಯುತ್ತಾನೆ. ಇವು ನಾಳೆ ಅವನಿಗೆ ಜೀವನೋಪಾಯಕ್ಕೂ ಒದಗಬಹುದು. ತನ್ನ ಊರಿನ ವೈಂಡಿಂಗ್ ಅಂಗಡಿಯ ಕುಶಲಕರ್ಮಿಯ ಬಳಿ ಒಂದು ಗಂಟೆಯ ಕಾಲ ಕುಳಿತು ಅವನ ಕೈಯನ್ನು ನೋಡಿದರೆ, ತಂತಿಯನ್ನು ಗಂಟು ಬೀಳದಂತೆ ಬಿಡುವುದು ಹೇಗೆ, ಲೇಪಕ್ಕೆ ಗಾಯವಾಗದಂತೆ ಬಿಗಿಯುವುದು ಹೇಗೆ ಎಂಬುದನ್ನು ಯಾವ ಭಾಷಣವೂ ಕಲಿಸಲಾರದಷ್ಟು ಚೆನ್ನಾಗಿ ಕಲಿಯಬಹುದು. ನಮ್ಮ ಕಾಲೇಜುಗಳ ಪ್ರಯೋಗಶಾಲೆಗೂ ಪೇಟೆಯ ಆ ಸಣ್ಣ ಅಂಗಡಿಗೂ ನಡುವೆ ಇಂಥ ಹೋಗುಬರವು ಬೆಳೆಯಲೆಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.